ಮುಚ್ಚಿದ ಬಾಗಿಲ ಹಿಂದಿನ ಹಾಡು ಕಾಲೇಜು ಕಟ್ಟಿತು

1871ರ ಅಕ್ಟೋಬರ್ 6. ಅಮೆರಿಕದ ಟೆನ್ನೆಸ್ಸೀ ರಾಜ್ಯದ ನ್ಯಾಶ್‌ವಿಲ್ ನಗರದಿಂದ ಒಂದು ಸಣ್ಣ ಗಾಯನ ತಂಡ ಹೊರಟಿತು. ತಂಡದಲ್ಲಿ ಇದ್ದವರು ಒಂಬತ್ತು ಮಂದಿ ಕಪ್ಪು ಜನಾಂಗದ ಹುಡುಗ ಹುಡುಗಿಯರು. ಎಲ್ಲರೂ ಫಿಸ್ಕ್ ಎಂಬ ಕಾಲೇಜಿನವರು. ಅತಿ ಚಿಕ್ಕವಳು ಮಿನ್ನೀ ಟೇಟ್, ವಯಸ್ಸು 14. ಅವರಲ್ಲಿ ಹೆಚ್ಚಿನವರು ಗುಲಾಮರಾಗಿಯೇ ಹುಟ್ಟಿದವರು. ಹೊರಟ ಉದ್ದೇಶ ಒಂದೇ: ಊರೂರಿನಲ್ಲಿ ಹಾಡಿ, ಮುಚ್ಚಿಹೋಗಲಿದ್ದ ಕಾಲೇಜಿಗೆ ಹಣ ತರುವುದು.

ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾದದ್ದು 1865ರಲ್ಲಿ. ಅದಕ್ಕೂ ಮೊದಲು ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಮರುವರ್ಷ, 1866ರ ಜನವರಿಯಲ್ಲಿ, ಯುದ್ಧ ಕಾಲದ ಸೇನಾ ಆಸ್ಪತ್ರೆಯ ಹಳೆಯ ಶೆಡ್ಡುಗಳಲ್ಲಿ ಫಿಸ್ಕ್ ಶಾಲೆ ಶುರುವಾಯಿತು. ಅಕ್ಷರ ಕಲಿಯಲು ಮಕ್ಕಳ ಜೊತೆ ಮುದುಕರೂ ಬಂದರು. ಆದರೆ ಐದೇ ವರ್ಷದಲ್ಲಿ ಮರದ ಗೋಡೆಗಳು ಕೊಳೆತವು, ಸಾಲ ಏರಿತು. ಆಗ ಕಾಲೇಜಿನ ಖಜಾಂಚಿ ಜಾರ್ಜ್ ವೈಟ್ ತಂಡ ಕಟ್ಟಿಕೊಂಡು ಹೊರಟರು. ಸಂಗೀತ ಕಲಿಸುತ್ತಿದ್ದವರೂ ಅವರೇ. ವೈಟ್ ಬಿಳಿಯರು. ತಂಡದ ಬೆನ್ನೆಲುಬಾಗಿದ್ದವರು ಎಲ್ಲಾ ಶೆಪರ್ಡ್. ಹುಟ್ಟಿನಿಂದ ಗುಲಾಮಳಾಗಿದ್ದ ಆಕೆಯನ್ನು ತಂದೆ 350 ಡಾಲರ್ ಕೊಟ್ಟು ಬಿಡಿಸಿಕೊಂಡಿದ್ದರು. ಪಿಯಾನೋ ನುಡಿಸುವುದು, ಪಾಠ ಹೇಳುವುದು, ತಾಲೀಮು ಮಾಡಿಸುವುದು ಎಲ್ಲವೂ ಆಕೆಯ ಹೆಗಲ ಮೇಲಿತ್ತು.

ಪಕ್ಕವಾದ್ಯವಿಲ್ಲದೆ, ಹಲವು ಕಂಠಗಳು ಸೇರಿ ಹಾಡುವುದಕ್ಕೆ 'ಅ ಕಪೆಲ್ಲಾ' ಎನ್ನುತ್ತಾರೆ. ಇವತ್ತು ಅಮೆರಿಕದ ಕಾಲೇಜುಗಳಲ್ಲಿ ಇಂಥ ತಂಡಗಳು ಲೆಕ್ಕವಿಲ್ಲದಷ್ಟಿವೆ. ಫಿಸ್ಕ್ ಮಕ್ಕಳಿಗೆ ಈ ಬಗೆಯ ಹಾಡು ಬಂದದ್ದು ಹೊಲದಿಂದ, ಗುಲಾಮರ ಗುಡಿಸಲಿನಿಂದ. ಬೀಸುವ ಕಲ್ಲಿನ ಮುಂದೆ ಹಾಡುವ ಪದಕ್ಕೆ ತಬಲಾ ಬೇಕೇ? ಹಾಗೆಯೇ ಹತ್ತಿ ಬಿಡಿಸುವವರ ಹಾಡಿಗೂ ಕಂಠವೇ ಸಾಕಿತ್ತು. ವಾದ್ಯ ಬೇಕೆಂದರೂ ಕೆಲವು ಕಡೆ ಕಾನೂನು ಬಿಡುತ್ತಿರಲಿಲ್ಲ. ದಕ್ಷಿಣ ಕೆರೊಲಿನಾ 1740ರಲ್ಲೇ ಗುಲಾಮರು ಡೋಲು, ಕೊಂಬು ಬಳಸುವುದನ್ನು ನಿಷೇಧಿಸಿತ್ತು. ಡೋಲಿನ ದನಿಯಲ್ಲಿ ದಂಗೆಯ ಸುದ್ದಿ ಹರಡೀತು ಎಂಬ ಭಯ ಒಡೆಯರಿಗೆ.

ಆದರೆ ಹೊರಟಾಗ ತಂಡದ ಕಾರ್ಯಕ್ರಮದಲ್ಲಿ ಈ ಹಾಡುಗಳಿಗೆ ಹೆಚ್ಚು ಜಾಗವಿರಲಿಲ್ಲ. ಬಿಳಿಯರು ಮೆಚ್ಚುವ ಆ ಕಾಲದ ಜನಪ್ರಿಯ ಹಾಡುಗಳನ್ನೇ ಅವರು ಹಾಡುತ್ತಿದ್ದರು. ಗುಲಾಮರ ಹಾಡುಗಳು ಹೆತ್ತವರಿಗೆ ಪೂಜೆಯಷ್ಟೇ ಪವಿತ್ರ, ಜೊತೆಗೆ ಮರೆಯಬೇಕೆಂದಿದ್ದ ಕತ್ತಲ ದಿನಗಳ ನೆನಪು. ಆ ಹಾಡುಗಳನ್ನು ಹೊರಗಿನವರ ಮುಂದೆ ಹಾಡುವ ಯೋಚನೆಯೇ ತಮಗೆ ಇರಲಿಲ್ಲ ಎಂದು ಎಲ್ಲಾ ಶೆಪರ್ಡ್ ಮುಂದೆ ಬರೆದರು. ವೈಟ್ ಅವರಿಗಾಗಿ ಹಾಡುವಾಗಲೂ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು.

ಇನ್ನೊಂದು ಕಾರಣವೂ ಇತ್ತು. ಆಗ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಆಟಗಳು ಊರೂರಲ್ಲಿ ನಡೆಯುತ್ತಿದ್ದವು. ಕಪ್ಪು ಜನ ವೇದಿಕೆ ಹತ್ತಿದರೆಂದರೆ ನಗಿಸಲೇ ಬಂದಿದ್ದಾರೆ ಎಂದು ಪ್ರೇಕ್ಷಕರು ತಿಳಿಯುತ್ತಿದ್ದರು. ಅಂಥವರ ಮುಂದೆ ಅಜ್ಜಿ ಅಮ್ಮಂದಿರ ಪ್ರಾರ್ಥನೆ ಹಾಡುವುದು ಹೇಗೆ?

ಮೊದಲ ವಾರಗಳು ಕಷ್ಟದವು. ಎಷ್ಟೋ ಹೋಟೆಲುಗಳು ಬಾಗಿಲು ತೆಗೆಯಲಿಲ್ಲ. ಚಂದಾ ಹಣ ಟಿಕೆಟ್ಟಿಗೂ ಸಾಲುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ಶಿಕಾಗೋ ನಗರ ಬೆಂಕಿಗೆ ಬಿತ್ತು. ಕೈಯಲ್ಲಿ ಕಾಸಿಲ್ಲದ ಈ ಮಕ್ಕಳು ಒಂದು ಕಚೇರಿಯ ಗಳಿಕೆಯನ್ನೆಲ್ಲಾ ಬೆಂಕಿಯಲ್ಲಿ ಮನೆ ಕಳೆದುಕೊಂಡವರಿಗೆ ಕೊಟ್ಟುಬಿಟ್ಟರು.

ತಿರುವು ಸಿಕ್ಕಿದ್ದು ನವೆಂಬರಿನಲ್ಲಿ, ಓಹಾಯೋ ರಾಜ್ಯದ ಓಬರ್ಲಿನ್‌ನಲ್ಲಿ. ಅಲ್ಲಿ ಪಾದ್ರಿಗಳ ದೊಡ್ಡ ಸಭೆ ನಡೆದಿತ್ತು. ಬಿಡುವಿನ ಹೊತ್ತಿನಲ್ಲಿ ಹಾಡಲು ತಂಡಕ್ಕೆ ಅವಕಾಶ ಸಿಕ್ಕಿತು. ಅವರು ಎತ್ತಿಕೊಂಡದ್ದು 'ಸ್ಟೀಲ್ ಅವೇ' ಎಂಬ ಗುಲಾಮರ ಹಾಡು. ರಾತ್ರಿ ಗುಟ್ಟಾಗಿ ಸೇರುವುದಕ್ಕೆ ಗುಲಾಮರು ಈ ಹಾಡನ್ನು ಸನ್ನೆಯಾಗಿ ಬಳಸುತ್ತಿದ್ದರು ಎನ್ನುತ್ತಾರೆ. ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಮೆಲ್ಲಗೆ, ಆದರೆ ಒಂದಕ್ಷರವೂ ಕಳೆಯದಂತೆ ಹಾಡುವುದನ್ನು ವೈಟ್ ತಿದ್ದಿ ತಿದ್ದಿ ಕಲಿಸಿದ್ದರು. ಗದ್ದಲದಲ್ಲಿದ್ದ ಸಭೆ ತಣ್ಣಗಾಯಿತು. ಅವತ್ತಿನಿಂದ ಗುಲಾಮರ ಹಾಡುಗಳೇ ತಂಡದ ಮುಖ್ಯ ಕಾರ್ಯಕ್ರಮವಾದವು. ಗುಲಾಮರಿಗೆ ಬಿಡುಗಡೆ ಕೊಡುವ 'ಜುಬಿಲಿ' ವರ್ಷದ ಮಾತು ಬೈಬಲ್ಲಿನಲ್ಲಿದೆ. ಅದರಿಂದ ತಂಡಕ್ಕೆ 'ಜುಬಿಲಿ ಸಿಂಗರ್ಸ್' ಎಂದು ಹೆಸರಾಯಿತು.

1872ರಲ್ಲಿ ಅಧ್ಯಕ್ಷ ಗ್ರಾಂಟ್ ಅವರ ಮುಂದೆ ಹಾಡಿದರು. ಅದೇ ವರ್ಷ ಬಾಸ್ಟನ್ನಿನ ಶಾಂತಿ ಮೇಳದಲ್ಲಿ ಸಾವಿರಾರು ಗಾಯಕರ ನಡುವೆ ಇವರ ದನಿ ಬೇರೆಯಾಗಿ ಮೊಳಗಿ, ಜನ ಎದ್ದು ನಿಂತು ಕೂಗಿದರು. 1873ರಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯೂ ಕೇಳಿದರು. ಏಳು ವರ್ಷಗಳ ಪ್ರವಾಸಗಳಲ್ಲಿ ಬಂದ ಹಣ ಸುಮಾರು 1,50,000 ಡಾಲರ್. ಆ ಹಣದಿಂದ ನ್ಯಾಶ್‌ವಿಲ್‌ನಲ್ಲಿ ಎದ್ದ ಕಟ್ಟಡವೇ ಜುಬಿಲಿ ಹಾಲ್. 1876ರ ಜನವರಿ 1ರಂದು ಉದ್ಘಾಟನೆಯಾದ ಅದು ಇಂದಿಗೂ ನಿಂತಿದೆ.

ಕಥೆಯನ್ನು ಹೀಗೆ ಗೆಲುವಿನಲ್ಲಿ ಮುಗಿಸಿದರೆ ಅರ್ಧ ಸತ್ಯವಾದೀತು. ಇವರು ಕಲಿಯಲು ಬಂದ ಮಕ್ಕಳು. ಕಾಲೇಜು ಉಳಿಯಲೆಂದು ತರಗತಿ ಬಿಟ್ಟು ಹೋದರು, ಹೆಚ್ಚಿನವರಿಗೆ ಪದವಿಯೇ ಸಿಗಲಿಲ್ಲ. ಚಳಿಯಲ್ಲಿ ಊರಿಂದೂರಿಗೆ ಅಲೆದು ಆರೋಗ್ಯ ಕೆಟ್ಟಿತು. ಮೊದಲ ತಂಡದ ಬೆಂಜಮಿನ್ ಹೋಮ್ಸ್ ಕೆಲವೇ ವರ್ಷಗಳಲ್ಲಿ ಕ್ಷಯದಿಂದ ತೀರಿಕೊಂಡರು. 1878ರಲ್ಲಿ ದಣಿದ ತಂಡ ಚದುರಿತು. ಹಾಡೂ ಬದಲಾಗಿತ್ತು. ಕಚೇರಿಗೆ ಒಗ್ಗಲೆಂದು ಕಾಲು ಕುಟ್ಟುವುದು, ಚಪ್ಪಾಳೆ, ಕೂಗು ಎಲ್ಲ ಬಿಟ್ಟುಹೋಯಿತು. ಗುಡಿಸಲಿನ ಹಾಡು ನೀಟಾಗಿ ಉಡುಪು ತೊಟ್ಟು ನಿಂತಿತು.

ಹಾಗಾದರೆ ಆ ಹಾಡುಗಳನ್ನು ಮುಚ್ಚಿಟ್ಟಿದ್ದರೆ ಚೆನ್ನಾಗಿತ್ತೇ? ನಮಗೆ ಹಾಗನ್ನಿಸುವುದಿಲ್ಲ. ಮಸಿ ಬಳಿದ ಅಣಕದ ಆಟವನ್ನೇ ಕಪ್ಪು ಜನರ ಹಾಡು ಎಂದು ನಂಬಿದ್ದ ದೇಶಕ್ಕೆ, ಹಾಡಿನ ನಿಜವಾದ ಒಡೆಯರೇ ತಲೆಯೆತ್ತಿ ನಿಂತು ಹಾಡಿ ತೋರಿಸಿದರು. ಹಾಡಿದ ಹಣದಲ್ಲಿ ಯಾರೋ ಮಾಲೀಕ ಬಂಗಲೆ ಕಟ್ಟಲಿಲ್ಲ, ಅವರ ತಮ್ಮ ತಂಗಿಯರು ಓದುವ ಕಾಲೇಜು ಉಳಿಯಿತು. ಮುಂದೆ ಅದೇ ಕಾಲೇಜಿನಲ್ಲಿ ಓದಿದ ಚಿಂತಕ ಡಬ್ಲ್ಯೂ. ಇ. ಬಿ. ಡುಬಾಯ್ಸ್, 1903ರ ತಮ್ಮ ಪುಸ್ತಕದ ಕೊನೆಯ ಅಧ್ಯಾಯವನ್ನು ಈ ಹಾಡುಗಳಿಗೇ ಮೀಸಲಿಟ್ಟರು.

ಹಾಡು ನಮ್ಮ ದೇಶಕ್ಕೂ ಬಂದಿತ್ತು. ತಂಡದಲ್ಲಿ ಹಿಂದೆ ಹಾಡಿದ್ದ ಫ್ರೆಡರಿಕ್ ಲೌಡಿನ್ ತಮ್ಮದೇ ತಂಡ ಕಟ್ಟಿ 1884ರಿಂದ 1890ರವರೆಗೆ ಲೋಕ ಸುತ್ತಿದಾಗ ಭಾರತಕ್ಕೂ ಬಂದು, ಆಗ್ರಾದ ತಾಜ್ ಮಹಲಿನ ಗುಮ್ಮಟದ ಕೆಳಗೆ ಹಾಡಿದರು.

ಫಿಸ್ಕ್‌ನಲ್ಲಿ ವಿದ್ಯಾರ್ಥಿಗಳ ಜುಬಿಲಿ ತಂಡ ಈಗಲೂ ಇದೆ. 2021ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಪ್ರತಿ ವರ್ಷ ಅಕ್ಟೋಬರ್ 6ರಂದು ಕಾಲೇಜಿನಲ್ಲಿ 'ಜುಬಿಲಿ ದಿನ' ಆಚರಿಸುತ್ತಾರೆ. ಅಂದು ಈಗಿನ ಗಾಯಕರು ಮೊದಲ ತಂಡದವರ ಸಮಾಧಿಗಳಿಗೂ ಹೋಗುತ್ತಾರೆ. ಅಲ್ಲೂ ವಾದ್ಯವಿಲ್ಲ. ಬರೀ ಕಂಠ.