ಹೊಸಬರಿಗೆ ಹಳಬರು ಹೇಳುವ ಐದು ಮಾತು

ಸಾವಿರಾರು ಜನ ಒಟ್ಟಿಗೆ ಆಡುವ ಆನ್‌ಲೈನ್ ಫ್ಯಾಂಟಸಿ ಗೇಮ್ ಯಾವುದನ್ನೇ ತಗೊಳ್ಳಿ, ಹೊಸದಾಗಿ ಕಾಲಿಟ್ಟವರಿಗೆ ಹಳಬರು ಹೇಳೋ ಬುದ್ಧಿಮಾತು ಹೆಚ್ಚೂಕಡಿಮೆ ಒಂದೇ. ಕಳೆದುಕೊಂಡರೆ ಅಳು ಬರುವಂಥ ಸಾಮಾನು ಹೊತ್ತು ತಿರುಗಬೇಡ. ಊರ ಗಡಿ ದಾಟಿ ಒಬ್ಬನೇ ಹೋಗಬೇಡ. ಗುರುತಿಲ್ಲದವರ ಕೈಗೆ ನಿನ್ನ ವಸ್ತು ಕೊಡಬೇಡ. ದೊಡ್ಡವರು ಓಡಿ ಬರ್ತಾ ಇದ್ರೆ ದಾರಿ ಬಿಡು. ಗೇಮಿನ ಚಿನ್ನವನ್ನ ನಿಜವಾದ ದುಡ್ಡು ಕೊಟ್ಟು ಕೊಳ್ಳಬೇಡ.

ಜಾತ್ರೆಗೆ ಹೊರಟ ಮೊಮ್ಮಗನಿಗೆ ಅಜ್ಜಿ ಹೇಳಿದ ಹಾಗಿದೆ, ಅಲ್ವಾ? ಆದರೆ ಈ ಐದು ಮಾತನ್ನ ಯಾರೋ ಒಬ್ಬರು ಕೂತು ಯೋಚನೆ ಮಾಡಿ ಬರೆದದ್ದಲ್ಲ. ಒಂದೊಂದರ ಹಿಂದೆಯೂ ಒಂದು ಗೇಮ್ ಇದೆ, ಒಂದು ಕಾಲ ಇದೆ, ಲೆಕ್ಕವಿಲ್ಲದಷ್ಟು ಹೊಸಬರ ನಷ್ಟ ಇದೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆ ಇದು ಬೇಗ ಅರ್ಥ ಆಗುತ್ತೆ. ಪ್ರೊಡಕ್ಷನ್ ಡೇಟಾಬೇಸ್‌ನಲ್ಲಿ ಏನಾದರೂ ಅಳಿಸೋಕೆ ಹೋದರೆ ಸಿಸ್ಟಮ್ ಎರಡೆರಡು ಸಲ ‘ಹೌದಾ?’ ಅಂತ ಕೇಳುತ್ತಲ್ಲ, ಆ ಪ್ರಶ್ನೆ ಸಾಮಾನ್ಯವಾಗಿ ಯಾರೋ ಅಳಿಸಿ ಅನಾಹುತ ಆದ ಮೇಲೆ ಹುಟ್ಟಿರುತ್ತೆ. ಗೇಮ್‌ಗಳ ನಿಯಮವೂ ಹಾಗೇ.

ಮೊದಲನೇ ಮಾತಿನಿಂದಲೇ ಶುರು ಮಾಡೋಣ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ‘ಮಡ್’ ಅನ್ನೋ ಗೇಮ್ ಬರೆಯೋಕೆ ಶುರು ಮಾಡಿದರು. ಮಲ್ಟಿ ಯೂಸರ್ ಡಂಜನ್ ಅನ್ನೋದರ ಚಿಕ್ಕ ಹೆಸರು ಅದು. ಆಮೇಲೆ ಅದನ್ನ ಬೆಳೆಸಿದವರು ಅವರ ಜೊತೆಗಾರ ರಿಚರ್ಡ್ ಬಾರ್ಟಲ್. ಚಿತ್ರ ಇಲ್ಲ, ಬಣ್ಣ ಇಲ್ಲ, ಬರೀ ಅಕ್ಷರ. ಉತ್ತರಕ್ಕೆ ಹೋಗು, ಕತ್ತಿ ತಗೋ ಅಂತ ಟೈಪ್ ಮಾಡ್ತಾ ಆಡಬೇಕು. ನಿಧಿ ಹುಡುಕಿ ತಂದು ಜವುಗು ನೆಲಕ್ಕೆ ಎಸೆದರೆ ಪಾಯಿಂಟ್ ಸಿಗ್ತಿತ್ತು. ಪಾಯಿಂಟ್ ಕೂಡಿಸ್ತಾ ಹೋದರೆ ಕೊನೆಗೆ ಮಾಂತ್ರಿಕ. ಹುಟ್ಟಿದ ಮನೆ ನೋಡಿ ಮನುಷ್ಯನನ್ನ ಅಳೆಯುವ ಇಂಗ್ಲೆಂಡಿನ ವರ್ಗವ್ಯವಸ್ಥೆ ತಮ್ಮಿಬ್ಬರಿಗೂ ಸಾಕಾಗಿತ್ತು, ಎಲ್ಲರೂ ಸೊನ್ನೆಯಿಂದ ಶುರು ಮಾಡಿ ಯೋಗ್ಯತೆಯಿಂದ ಮೇಲೇರುವ ಲೋಕ ಬೇಕಿತ್ತು ಅಂತ ಬಾರ್ಟಲ್ ಹೇಳಿಕೊಂಡಿದ್ದಾರೆ. ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಇಂಜಿನಿಯರಿಂಗ್ ಸೇರಿದ ನನ್ನಂಥವನಿಗೆ ಈ ಆಸೆಯನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಸಮಾನತೆಯ ಲೋಕದಲ್ಲಿ ಜಗಳದಲ್ಲಿ ಸತ್ತರೆ ಪಾತ್ರವೇ ಅಳಿಸಿ ಹೋಗ್ತಿತ್ತು. ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಟ್ಟು ಬೆಳೆಸಿದ್ದು ಒಂದೇ ಏಟಿಗೆ ಇಲ್ಲ! 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಸ್ವಲ್ಪ ದಯೆ ತೋರಿಸ್ತು. ಪಾತ್ರ ಉಳೀತಿತ್ತು, ಆದರೆ ಮೈಮೇಲಿದ್ದ ಕವಚ, ಕತ್ತಿ, ಗಂಟು ಎಲ್ಲಾ ಹೆಣದ ಹತ್ತಿರವೇ ಬಿದ್ದಿರ್ತಿತ್ತು. ನಿಮ್ಮನ್ನ ಕೊಂದ ರಾಕ್ಷಸನ ಗುಹೆಗೆ ನೀವೇ ಬರಿಗೈಲಿ ವಾಪಸ್ ಹೋಗಿ ತರಬೇಕು. 2004ರ ನವೆಂಬರ್‌ನಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಇದನ್ನೂ ಸಡಿಲಿಸ್ತು. ಸತ್ತವನು ದೆವ್ವವಾಗಿ ಓಡಿಬಂದು ತನ್ನ ಹೆಣ ಸೇರಿದರೆ ಸಾಕು, ಸಾಮಾನು ಹಾಗೇ ಇರುತ್ತೆ, ಕವಚದ ರಿಪೇರಿ ಖರ್ಚು ಮಾತ್ರ. 26 ವರ್ಷದಲ್ಲಿ ಸಾವಿನ ಬೆಲೆ ಪೂರ್ತಿ ಜೀವಮಾನದಿಂದ ರಿಪೇರಿ ಬಿಲ್ಲಿಗೆ ಇಳಿದಿತ್ತು. 2010ರ ಹೊತ್ತಿಗೆ ಆ ಗೇಮ್‌ಗೆ 1.2 ಕೋಟಿ ಚಂದಾದಾರರು.

ಎರಡನೇ ಮಾತು ಊರ ಗಡಿಯದ್ದು. ಇದಕ್ಕೆ 1997ರ ಸೆಪ್ಟೆಂಬರ್‌ನಲ್ಲಿ ಶುರುವಾದ ಅಲ್ಟಿಮಾ ಆನ್‌ಲೈನ್‌ಗೆ ಹೋಗಬೇಕು. ಅಮೆರಿಕದ ಟೆಕ್ಸಸ್‌ನ ಒರಿಜಿನ್ ಸಿಸ್ಟಮ್ಸ್ ಕಂಪನಿಯ ರಿಚರ್ಡ್ ಗ್ಯಾರಿಯಟ್ ಕಟ್ಟಿದ್ದ ಬ್ರಿಟಾನಿಯಾ ಅನ್ನೋ ರಾಜ್ಯ. ಅಲ್ಲಿ ಬೇಕಾದರೆ ಯೋಧನಾಗಿ, ಇಲ್ಲಾಂದ್ರೆ ಕಮ್ಮಾರ, ದರ್ಜಿ, ಮೀನುಗಾರ. ಹುಲ್ಲು ತಿನ್ನೋಕೆ ಕುರಿ, ಕುರಿ ತಿನ್ನೋಕೆ ತೋಳ ಅಂತ ಒಂದು ಇಡೀ ಜೀವಜಾಲವನ್ನೇ ಪ್ರೋಗ್ರಾಮ್ ಮಾಡಿದ್ದರು. ಆಟಗಾರರು ಬಂದವರೇ ಕಣ್ಣಿಗೆ ಕಂಡದ್ದನ್ನೆಲ್ಲ ಕೊಂದು ಹಾಕಿದ್ರು. ತೋಳ ಹಸಿಯೋದಕ್ಕೆ ಮುಂಚೆ ಕುರಿಯೂ ಇಲ್ಲ, ತೋಳವೂ ಇಲ್ಲ. ಊರಿನ ಗೋಮಾಳ ಏನಾಯ್ತು ಅಂತ ಕಂಡವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಆ ವ್ಯವಸ್ಥೆಯನ್ನ ಕೊನೆಗೆ ತೆಗೆದೇ ಹಾಕಬೇಕಾಯ್ತು.

ಪ್ರಾಣಿಗಳಾದ ಮೇಲೆ ಮನುಷ್ಯರ ಸರದಿ. ಗೇಮ್ ಇನ್ನೂ ಪರೀಕ್ಷೆಯಲ್ಲಿದ್ದ ಆಗಸ್ಟ್‌ನಲ್ಲೇ, ಪ್ರಜೆಗಳಿಗೆ ದರ್ಶನ ಕೊಡೋಕೆ ನಿಂತಿದ್ದ ರಾಜ ಲಾರ್ಡ್ ಬ್ರಿಟಿಷ್‌ನನ್ನ, ಅಂದ್ರೆ ಸ್ವತಃ ಗ್ಯಾರಿಯಟ್ ಆಡ್ತಿದ್ದ ಪಾತ್ರವನ್ನ, ಒಬ್ಬ ಆಟಗಾರ ಬೆಂಕಿಯ ಮಂತ್ರ ಹಾಕಿ ಸುಟ್ಟುಬಿಟ್ಟ. ಸರ್ವರ್ ಬಿದ್ದು ಎದ್ದ ಮೇಲೆ ರಾಜನಿಗೆ ಸಾವಿಲ್ಲದ ವರವನ್ನ ಮತ್ತೆ ಆನ್ ಮಾಡಿರಲಿಲ್ಲ. ರಾಜನ ಕಥೆ ಎಲ್ಲರೂ ನಗ್ತಾ ಹೇಳ್ತಾರೆ. ಹೊಸಬರ ಕಥೆಗೆ ನಗು ಬರಲ್ಲ. ಊರೊಳಗೆ ಕಾವಲುಗಾರರಿದ್ದರು, ಕೂಗಿದರೆ ಬಂದು ಕಳ್ಳನನ್ನ ಅಲ್ಲೇ ಮುಗಿಸ್ತಿದ್ದರು. ಆದರೆ ಅದಿರು ಬೇಕಂದ್ರೆ ಗಡಿ ದಾಟಿ ಗಣಿಗೆ ಹೋಗಲೇಬೇಕು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅಂತ ಗಾದೆ ಇದೆಯಲ್ಲ, ಕೊಲೆಗಾರರ ಗುಂಪುಗಳು ಆ ಲೆಕ್ಕದಲ್ಲೇ ಗಣಿಯ ಬಾಯಲ್ಲಿ ಕಾಯ್ತಿದ್ದವು. ಗುದ್ದಲಿ ಹಿಡಿದ ಹೊಸಬ ಬರ್ತಾನೆ, ಸಾಯ್ತಾನೆ, ಮೈಮೇಲಿದ್ದದ್ದೆಲ್ಲ ದೋಚಿಕೊಂಡು ಹೋಗ್ತಾರೆ. ಸತ್ತವನು ದೆವ್ವ ಆಗಿ ಏನು ಕೂಗಿದರೂ ಬದುಕಿದ್ದವರ ಪರದೆ ಮೇಲೆ ‘ಊಊ’ ಅಂತ ಮಾತ್ರ ಕಾಣ್ತಿತ್ತು. ಪ್ರೇತಭಾಷೆ ಕಲಿತವರಿಗಷ್ಟೇ ಅದರ ಅರ್ಥ.

ಮುಖ್ಯ ವಿನ್ಯಾಸಕ ರಾಫ್ ಕೋಸ್ಟರ್ ಅವರಿಗೆ ಒಂದು ದೊಡ್ಡ ಆಸೆ ಇತ್ತು. ಆಟಗಾರರೇ ಒಗ್ಗೂಡಿ ಊರು ಕಾಯಲಿ, ನ್ಯಾಯ ಅವರಿಂದಲೇ ಹುಟ್ಟಲಿ ಅಂತ. ಕೊಲೆಗಾರರ ಹೆಸರು ಕೆಂಪಾಗಿ ಕಾಣೋ ಹಾಗೆ ಮಾಡಿದರು, ತಲೆಗೆ ಬಹುಮಾನ ಕಟ್ಟೋ ವ್ಯವಸ್ಥೆ ತಂದರು. ಯಾವುದೂ ಪೂರ್ತಿ ಕೆಲಸ ಮಾಡಲಿಲ್ಲ. ಬಾರ್ಟಲ್ 1996ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಆಟಗಾರರನ್ನ ನಾಲ್ಕು ಥರ ಮಾಡಿದ್ದರು: ಸಾಧಿಸುವವರು, ಅಲೆದು ನೋಡುವವರು, ಹರಟುವವರು, ಕೊಲ್ಲುವವರು. ಕೊನೆಯವರು ಹೆಚ್ಚಾದರೆ ಹರಟುವವರು ಜಾಗ ಖಾಲಿ ಮಾಡ್ತಾರೆ ಅನ್ನೋದು ಅದರ ಒಂದು ಮುಖ್ಯ ಮಾತು. ಬ್ರಿಟಾನಿಯಾದಲ್ಲಿ ಆದದ್ದು ಅದೇ. ಆ ಪ್ರಯೋಗದ ಸಲುವಾಗಿ ಎಷ್ಟು ಜನ ಹೊಸಬರು ನೊಂದು ಬಿಟ್ಟುಹೋದರು ಅನ್ನೋದನ್ನ ಕೋಸ್ಟರ್ ಆಮೇಲೆ ತಾವೇ ನೋವಿನಿಂದ ಬರೆದಿದ್ದಾರೆ. 2000ದ ಮೇ ತಿಂಗಳಲ್ಲಿ ಕಂಪನಿ ಲೋಕವನ್ನೇ ಎರಡು ಮಾಡಿತು. ಹಳೆಯ ಅಪಾಯದ ಲೋಕಕ್ಕೆ ಫೆಲುಕ್ಕಾ ಅಂತ ಹೆಸರು. ಅದೇ ನಕಾಶೆಯ, ಆದರೆ ಇಷ್ಟವಿಲ್ಲದವರನ್ನ ಯಾರೂ ಕೊಲ್ಲೋಕೆ ಆಗದ ಇನ್ನೊಂದು ಲೋಕಕ್ಕೆ ಟ್ರಾಮಲ್. ಹೆಚ್ಚಿನ ಜನ ಟ್ರಾಮಲ್ಲಿಗೆ ಗುಳೆ ಹೋದರು. 2003ರ ಹೊತ್ತಿಗೆ ಚಂದಾದಾರರು ಎರಡೂವರೆ ಲಕ್ಷದ ಹತ್ತಿರ ಮುಟ್ಟಿದರು.

ಮೂರನೇ ಮಾತು, ಕೊಡು-ಕೊಳ್ಳೋದು. 2001ರ ಜನವರಿಯಲ್ಲಿ ಇಂಗ್ಲೆಂಡಿನ ಗೋವರ್ ಸಹೋದರರು ರೂನ್‌ಸ್ಕೇಪ್ ಬಿಟ್ಟರು. ಬ್ರೌಸರ್‌ನಲ್ಲೇ ಓಡೋ ಗೇಮ್. ನಮ್ಮಂಥ ಸೈಬರ್ ಕೆಫೆ ಗಿರಾಕಿಗಳಿಗೆ ಇದು ದೊಡ್ಡ ವರ. ಕೆಫೆಯವರು ಏನನ್ನೂ ಇನ್‌ಸ್ಟಾಲ್ ಮಾಡೋಕೆ ಬಿಡ್ತಿರಲಿಲ್ಲ, ಇದಕ್ಕೆ ಇನ್‌ಸ್ಟಾಲ್ ಬೇಕೇ ಇರಲಿಲ್ಲ. ನಮ್ಮ ಕಾಲೇಜಿನ ಹಿಂದಿನ ಕೆಫೆಯಲ್ಲಿ ನನಗೆ ಈ ಗೇಮ್ ತೋರಿಸಿಕೊಟ್ಟ ಸೀನಿಯರ್, ಮೌಸ್ ನನ್ನ ಕೈಗೆ ಕೊಡೋಕೆ ಮುಂಚೆ ಹೇಳಿದ್ದು ಇಷ್ಟು: ‘ನಿನ್ನ ಕವಚಕ್ಕೆ ಚಿನ್ನದ ಅಂಚು ಹಾಕ್ಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ ಕೊಡಬೇಡ ಮಗಾ.’ ಹಾಗೆ ಅಂಚು ಹಾಕೋ ವಿದ್ಯೆಯೇ ಆ ಗೇಮಿನಲ್ಲಿ ಇರಲಿಲ್ಲ. ಇಸ್ಕೊಂಡವನು ಇಸ್ಕೊಂಡು ಹೋದ ಅಂತ ಲೆಕ್ಕ. ದುಡ್ಡು ಡಬಲ್ ಮಾಡಿಕೊಡ್ತೀನಿ ಅನ್ನೋರೂ ಇದ್ದರು. ಮೊದಲು ನೂರಕ್ಕೆ ಇನ್ನೂರು ಕೊಟ್ಟು ನಂಬಿಸಿ, ಆಮೇಲೆ ಲಕ್ಷ ಇಸ್ಕೊಂಡು ಮಾಯ. ವ್ಯಾಪಾರದ ಕೊನೇ ಗಳಿಗೆಯಲ್ಲಿ ವಸ್ತು ಬದಲಾಯಿಸೋರು ಇನ್ನೊಂದು ಗುಂಪು. ಅದಕ್ಕೇ ವ್ಯಾಪಾರಕ್ಕೆ ಎರಡನೇ ಪರದೆ ಬಂತು: ನೀನು ಕೊಡ್ತಿರೋದು ಇದು, ನಿನಗೆ ಸಿಗ್ತಿರೋದು ಇದು, ಒಪ್ಪಿಗೆನಾ? ಯುಪಿಐನಲ್ಲಿ ದುಡ್ಡು ಕಳಿಸೋಕೆ ಮುಂಚೆ ಪರದೆ ಮೇಲೆ ಬರೋ ಹೆಸರನ್ನ ನಿಂತು ಓದೋ ಅಭ್ಯಾಸ ನನಗೆ ಅಂಟಿದ್ದು ಆ ಕೆಫೆಯಲ್ಲೇ.

ನಾಲ್ಕನೇ ಮಾತು, ದೊಡ್ಡವರು ಓಡಿ ಬಂದರೆ ದಾರಿ ಬಿಡು. ಎವರ್‌ಕ್ವೆಸ್ಟ್‌ನಲ್ಲಿ ಗುಹೆಯೊಳಗೆ ಸೋತವನು ಬಾಗಿಲಿಗೆ ಓಡಿದರೆ ಕೆಣಕಿದ ರಾಕ್ಷಸರೆಲ್ಲ ಸಾಲಾಗಿ ಬೆನ್ನು ಹತ್ತೋರು. ಇದಕ್ಕೆ ‘ಟ್ರೈನ್’ ಅಂತಲೇ ಹೆಸರು. ಓಡಿದವನು ಬಾಗಿಲು ದಾಟಿ ಪಾರಾಗ್ತಿದ್ದ. ಬಾಗಿಲ ಹತ್ತಿರ ಕೂತು ಸುಧಾರಿಸಿಕೊಳ್ತಿದ್ದ ಪಾಪದವರ ಮೇಲೆ ರೈಲು ಹರೀತಿತ್ತು. ಆದ್ದರಿಂದಲೇ ಓಡೋವಾಗ ‘ಟ್ರೈನ್!’ ಅಂತ ಕೂಗೋದು ಅಲ್ಲಿನ ಮರ್ಯಾದೆ ಆಯ್ತು. ಇದರ ದೊಡ್ಡ ರೂಪ ಕಂಡದ್ದು 2005ರ ಸೆಪ್ಟೆಂಬರ್ 13ರಂದು, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ. ಹಕ್ಕಾರ್ ಅನ್ನೋ ಹೊಸ ರಾಕ್ಷಸ ಹೊಡೆದರೆ ಅಂಟೋ ರೋಗ ಇತ್ತು. ಅದು ಗುಹೆ ಬಿಟ್ಟು ಹೊರಗೆ ಬರಬಾರದಿತ್ತು. ಬೇಟೆಗಾರರ ಸಾಕುಪ್ರಾಣಿಗಳ ಮೂಲಕ ಪಟ್ಟಣ ಸೇರಿತು. ದೊಡ್ಡ ಲೆವೆಲ್‌ನವರು ಸಹಿಸಿಕೊಂಡರು, ಹೊಸಬರು ನಿಂತ ಜಾಗದಲ್ಲೇ ಸತ್ತರು. ಕೆಲವರು ಗುಣಪಡಿಸೋಕೆ ಓಡಿ ಬಂದರು, ಕೆಲವರು ಬೇಕಂತಲೇ ಹರಡಿದರು. ಕೊನೆಗೆ ಕಂಪನಿ ಸರ್ವರ್‌ಗಳನ್ನ ರೀಸೆಟ್ ಮಾಡಬೇಕಾಯ್ತು. 2007ರಲ್ಲಿ ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಅನ್ನೋ ಸಂಶೋಧಕರು ಲ್ಯಾನ್ಸೆಟ್ ಬಳಗದ ಸಾಂಕ್ರಾಮಿಕ ರೋಗಗಳ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. 2020ರಲ್ಲಿ ನಾವೆಲ್ಲ ಮನೆಯಲ್ಲಿ ಕೂತಾಗ ಆ ಲೇಖನವನ್ನ ಜನ ಮತ್ತೆ ಹುಡುಕಿ ಓದಿದರು.

ಐದನೆಯದು ಚಿನ್ನ. ಎವರ್‌ಕ್ವೆಸ್ಟ್‌ನ ಲೋಕದ ಹೆಸರು ನೊರಾತ್. ಅಲ್ಲಿ ಒಂದು ಸುರಂಗದಲ್ಲಿ ಆಟಗಾರರೇ ಸಂತೆ ಕಟ್ಟಿಕೊಂಡು ಕೂಗಿ ಕೂಗಿ ಮಾರ್ತಿದ್ದರು. ಅದೇ ಸಾಮಾನು ಹೊರಗೆ ಡಾಲರ್‌ಗೂ ಮಾರಾಟ ಆಗ್ತಿತ್ತು. ಎಡ್ವರ್ಡ್ ಕ್ಯಾಸ್ಟ್ರೊನೋವಾ ಅನ್ನೋ ಅರ್ಥಶಾಸ್ತ್ರಜ್ಞ 2001ರಲ್ಲಿ ಲೆಕ್ಕ ಹಾಕಿದರು: ನೊರಾತ್‌ನಲ್ಲಿ ಒಂದು ಗಂಟೆ ಆಟದ ಕೂಲಿ ಸುಮಾರು 3.42 ಡಾಲರ್, ತಲಾ ಉತ್ಪನ್ನ ರಷ್ಯಾ ಮತ್ತು ಬಲ್ಗೇರಿಯಾದ ನಡುವೆ, 2,266 ಡಾಲರ್. ಆಗ ಭಾರತದ್ದು ಅದರ ಕಾಲುಭಾಗವೂ ಇರಲಿಲ್ಲ! ಇಷ್ಟು ದುಡ್ಡು ಇದ್ದ ಮೇಲೆ ಅದನ್ನೇ ಕೆಲಸ ಮಾಡಿಕೊಂಡವರು ಹುಟ್ಟದೇ ಇರ್ತಾರಾ? ರೂನ್‌ಸ್ಕೇಪ್‌ನಲ್ಲಿ ಚಿನ್ನ ಮಾರೋ ಗುಂಪುಗಳು ಕದ್ದ ಕ್ರೆಡಿಟ್ ಕಾರ್ಡ್‌ನಿಂದ ಸದಸ್ಯತ್ವ ಕೊಳ್ಳೋಕೆ ಶುರು ಮಾಡಿದವು. 2007ರ ಕೊನೆಗೆ ಕಂಪನಿ ಮೊದಲು ಕಾಡಿನಲ್ಲಿ ಹೊಡೆದಾಡೋದನ್ನ ನಿಲ್ಲಿಸಿತು, 2008ರ ಆರಂಭದಲ್ಲಿ ಸ್ನೇಹಿತರ ನಡುವಿನ ಕೊಡು-ಕೊಳ್ಳೋದಕ್ಕೂ ಮಿತಿ ಹಾಕಿತು. ಯಾರೋ ಕೊಂಡ ಚಿನ್ನಕ್ಕೆ, ಗೆಳೆಯನಿಗೆ ಒಂದು ಒಳ್ಳೇ ಕತ್ತಿ ಸುಮ್ಮನೆ ಕೊಡೋ ಸಂತೋಷವೂ ಹೋಯ್ತು. ಅದನ್ನ ವಾಪಸ್ ತರೋಕೆ ಮತದಾನವೇ ನಡೆದು, ಸುಮಾರು 12 ಲಕ್ಷ ಜನ ಮತ ಹಾಕಿ, 2011ರ ಫೆಬ್ರವರಿ ಬರಬೇಕಾಯ್ತು.

ಇಷ್ಟೆಲ್ಲ ಓದಿದ ಮೇಲೆ, ಹಾಗಾದ್ರೆ ಗೇಮ್‌ಗಳು ಸುರಕ್ಷಿತ ಆದಷ್ಟೂ ಒಳ್ಳೇದು ಅಂತ ಅನ್ನಿಸಬಹುದು. ಅಷ್ಟು ಸುಲಭ ಇಲ್ಲ. ಟ್ರಾಮಲ್ ಬಂದ ದಿನವೇ ಅಲ್ಟಿಮಾ ಸತ್ತಿತು ಅನ್ನೋ ಹಳಬರು ಇವತ್ತಿಗೂ ಇದ್ದಾರೆ. ಗಣಿಗೆ ಗುಂಪು ಕಟ್ಟಿಕೊಂಡು ಹೋಗ್ತಿದ್ದಾಗ ಸಿಕ್ಕ ಗೆಳೆಯರು, ಯಾರದೋ ಹೆಣ ತಂದುಕೊಡೋಕೆ ಅಪರಿಚಿತರು ರಾತ್ರಿ ಎಲ್ಲ ಕೂತದ್ದು, ಇವೆಲ್ಲ ಅಪಾಯ ಕೊಟ್ಟ ಉಡುಗೊರೆಗಳೇ. ಅವರ ಮಾತನ್ನ ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ. 2023ರ ಆಗಸ್ಟ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಹಳೇ ಆವೃತ್ತಿಗೆ ‘ಹಾರ್ಡ್‌ಕೋರ್’ ಸರ್ವರ್‌ಗಳು ಬಂದವು. ಅಲ್ಲಿ ಒಂದೇ ಜೀವ, ಸತ್ತರೆ ಆ ಪಾತ್ರದ ಕಥೆ ಮುಗೀತು. ಜನ ಮುಗಿಬಿದ್ದು ಸೇರಿದರು. ಎಸೆಕ್ಸ್‌ನ ಸಾವು 45 ವರ್ಷದ ಮೇಲೆ ವಾಪಸ್ ಬಂದಿತ್ತು.

ವ್ಯತ್ಯಾಸ ಒಂದೇ. ಗಣಿಯ ಬಾಯಲ್ಲಿ ಸತ್ತ ಹೊಸಬನಿಗೆ ಅಲ್ಲಿ ಏನು ಕಾದಿದೆ ಅಂತ ಯಾರೂ ಹೇಳಿರಲಿಲ್ಲ, ಬೇಡ ಅನ್ನೋಕೆ ಇನ್ನೊಂದು ಲೋಕವೂ ಇರಲಿಲ್ಲ. ಹಾರ್ಡ್‌ಕೋರ್ ಸೇರೋನು ಬಾಗಿಲಲ್ಲಿ ಬರೆದದ್ದನ್ನ ಓದಿ, ಹೌದು ಅಂತ ಒತ್ತಿ ಒಳಗೆ ಹೋಗ್ತಾನೆ. ಅದೇ ಅಪಾಯ, ಆದರೆ ಗೊತ್ತಿದ್ದು ಒಪ್ಪಿಕೊಂಡದ್ದು. ನನ್ನ ಪ್ರಕಾರ ಈ ಗೇಮ್‌ಗಳು ಇಷ್ಟು ವರ್ಷದಲ್ಲಿ ಕಲಿತ ದೊಡ್ಡ ಪಾಠ ಇದೇ.

ಹಾಗಾಗಿ ನೀವು ಈ ವೀಕೆಂಡ್ ಹೊಸ ಗೇಮ್ ಒಂದಕ್ಕೆ ಕಾಲಿಡ್ತಾ ಇದ್ರೆ, ಯಾವ ಕತ್ತಿ ಒಳ್ಳೇದು ಅಂತ ಆಮೇಲೆ ಕೇಳಿ. ಮೊದಲು ಮೂರು ಪ್ರಶ್ನೆ ಕೇಳಿ: ಇಲ್ಲಿ ಸತ್ತರೆ ಏನು ಹೋಗುತ್ತೆ? ನನ್ನನ್ನ ಯಾರು, ಎಲ್ಲಿ ಹೊಡೀಬಹುದು? ಕೊಟ್ಟದ್ದು ವಾಪಸ್ ಬರುತ್ತಾ? ಇಷ್ಟು ಗೊತ್ತಾದ ಮೇಲೆ ಫೆಲುಕ್ಕಾನಾದರೂ ಆರಿಸಿಕೊಳ್ಳಿ, ಟ್ರಾಮಲ್ಲಾದರೂ ಆರಿಸಿಕೊಳ್ಳಿ. ಇನ್ನು ನೀವೇ ಹಳಬರಾಗಿದ್ರೆ, ಗುಹೆಯಿಂದ ಓಡಿ ಬರೋವಾಗ ಬಾಗಿಲಲ್ಲಿ ಕೂತವರಿಗೆ ಕೇಳಿಸೋ ಹಾಗೆ ಒಂದು ಸಲ ಜೋರಾಗಿ ಕೂಗಿ.