ಸ್ವಿಚ್ ಫ್ಯಾಬ್ರಿಕ್

ದೂರವಾಣಿ ವಿನಿಮಯ ಕೇಂದ್ರ, ಈಥರ್ನೆಟ್ ಸ್ವಿಚ್ ಅಥವಾ ರೌಟರಿನೊಳಗೆ ಒಂದು ಪೋರ್ಟಿಗೆ ಬಂದ ದತ್ತಾಂಶವನ್ನು ಸೇರಬೇಕಾದ ಪೋರ್ಟಿಗೆ ದಾಟಿಸುವ ವ್ಯವಸ್ಥೆ. ಎರಡು ಕಡೆಯಿಂದ ಬಂದದ್ದು ಒಂದೇ ಕ್ಷಣದಲ್ಲಿ ಒಂದೇ ಹೊರದಾರಿ ಕೇಳಿದರೆ ಘರ್ಷಣೆಯಾಗುತ್ತದೆ.

1984ರಲ್ಲಿ ಸ್ಥಾಪನೆಯಾದ ಭಾರತ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ದೆಹಲಿ, ಬೆಂಗಳೂರುಗಳಲ್ಲಿ ಕೆಲಸ ಮಾಡಿ 128 ಪೋರ್ಟುಗಳ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿತು. ಹವಾನಿಯಂತ್ರಣ ಬೇಡದ ಆ ಯಂತ್ರ 1986ರಲ್ಲಿ ಮೊದಲು ಕೆಲಸಕ್ಕೆ ಬಂದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಇಂಥ ದೂರವಾಣಿ ಕೇಂದ್ರದಲ್ಲಿ ಕರೆ ಶುರುವಾಗುವಾಗಲೇ ದಾರಿ ಕಾದಿರಿಸುವುದರಿಂದ ಮಾತಿನ ನಡುವೆ ಘರ್ಷಣೆಯಿಲ್ಲ. ದಾರಿ ಸಿಗದಿದ್ದರೆ ಕರೆಯೇ ಸೇರುವುದಿಲ್ಲ.

ಆದರೆ ಈಥರ್ನೆಟ್ ಸ್ವಿಚ್, ರೌಟರುಗಳಲ್ಲಿ ಸಾಗುವ ದತ್ತಾಂಶದ ತುಣುಕುಗಳಾದ ಪ್ಯಾಕೆಟ್‌ಗಳು ಹೇಳಿ ಬರುವುದಿಲ್ಲ. ಅವು ಒಳಬರುವ ಪೋರ್ಟಿನಲ್ಲಿ ಒಂದೇ ಸಾಲಿನಲ್ಲಿ ಕಾಯುವಂತಾದರೆ ತೊಡಕು. ಬೆಂಗಳೂರಿನ ಮಾಮೂಲ್‌ಪೇಟೆಯ ಓಣಿಯಲ್ಲಿ ಬಳೇಪೇಟೆಗೆ ಹೊರಟ ಮುಂದಿನ ಗಾಡಿ ನಿಂತರೆ, ಅವೆನ್ಯೂ ರಸ್ತೆ ಖಾಲಿಯಿದ್ದರೂ ಅಲ್ಲಿಗೆ ಹೋಗಬೇಕಾದ ಹಿಂದಿನ ಗಾಡಿಯೂ ನಿಲ್ಲಬೇಕು. ಪೋರ್ಟುಗಳು ಬಹಳವಿದ್ದು, ದಟ್ಟಣೆ ಎಲ್ಲ ಕಡೆಗೂ ಸಮನಾಗಿ ಹಂಚಿಹೋದರೂ ಇಂಥ ಸ್ವಿಚ್ಚು ಸಾಮರ್ಥ್ಯದ ಶೇ. 58.6ರಷ್ಟನ್ನು ಮಾತ್ರ ಸಾಗಿಸಬಲ್ಲದೆಂದು ಕ್ಯಾರಲ್, ಹ್ಲೂಚಿ, ಮಾರ್ಗನ್ 1987ರಲ್ಲಿ ತೋರಿಸಿದರು. ತಂತಿಯ ವೇಗ ಹೆಚ್ಚಿಸಿದರೂ ಈ ಅನುಪಾತ ಬದಲಾಗದು.

ಪರಿಹಾರ ಸಾಲಿನ ಜೋಡಣೆಯಲ್ಲಿದೆ. ಪ್ರತಿ ಒಳಪೋರ್ಟಿನಲ್ಲೂ ಒಂದೊಂದು ಹೊರಪೋರ್ಟಿಗೆ ಬೇರೆ ಸಾಲಿಟ್ಟರೆ ಮುಂದಿನದು ಹಿಂದಿನದನ್ನು ತಡೆಯುವುದಿಲ್ಲ. 32 ಪೋರ್ಟುಗಳಿಗೆ 1024 ಸಾಲುಗಳಾಗುತ್ತವೆ. ಆಗ ಪ್ರತಿ ಸುತ್ತಿನಲ್ಲೂ ಯಾವ ಒಳಪೋರ್ಟಿಗೆ ಯಾವ ಹೊರಪೋರ್ಟು ಎಂದು ಜೋಡಿ ಕೂಡಿಸಬೇಕು. ಉದ್ದ ಸಾಲುಗಳಿಗೆ ಹೆಚ್ಚು ತೂಕ ಕೊಟ್ಟು ಜೋಡಿಸಿದರೆ ಪೂರ್ಣ ಸಾಮರ್ಥ್ಯ ದೊರೆಯುತ್ತದೆಂದು ನಿಕ್ ಮೆಕೀನ್, ವೆಂಕಟ್ ಅನಂತರಾಮ್, ಜೀನ್ ವಾಲ್‌ರಾಂಡ್ 1996ರಲ್ಲಿ ಸಾಧಿಸಿದರು. ಆದರೆ ಅಷ್ಟು ಲೆಕ್ಕಕ್ಕೆ ವೇಳೆಯಿಲ್ಲ: ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ಕಿರಿಯ ಈಥರ್ನೆಟ್ ಪ್ಯಾಕೆಟ್‌ಗಳು ಸುಮಾರು 67 ನ್ಯಾನೊಸೆಕೆಂಡಿಗೊಂದರಂತೆ ಬರಬಹುದು.

ಮೆಕೀನ್ ರೂಪಿಸಿದ ಐಸ್ಲಿಪ್ ಕ್ರಮ ಸರಳ. ಒಳಪೋರ್ಟುಗಳು ಕೋರುತ್ತವೆ, ಹೊರಪೋರ್ಟು ಸರದಿಯಂತೆ ಒಂದಕ್ಕೆ ಅನುಮತಿ ಕೊಡುತ್ತದೆ, ಒಳಪೋರ್ಟು ಬಂದ ಅನುಮತಿಗಳಲ್ಲಿ ಒಂದನ್ನು ಒಪ್ಪುತ್ತದೆ. ಅನುಮತಿ ಸ್ವೀಕೃತವಾದರೆ ಮಾತ್ರ ಹೊರಪೋರ್ಟಿನ ಸರದಿ ಮುಂದೆ ಸರಿಯುತ್ತದೆ. ಈ ಸಣ್ಣ ನಿಯಮದಲ್ಲೇ ಅದರ ಜಾಣ್ಮೆ ಇದೆ: ಇದರಿಂದ ಹೊರಪೋರ್ಟುಗಳ ಸರದಿಗಳು ಬೇರೆಬೇರೆಯಾಗಿ, ಎಲ್ಲವೂ ಒಂದೇ ಒಳಪೋರ್ಟಿಗೆ ಅನುಮತಿ ಕೊಡುವುದು ತಪ್ಪುತ್ತದೆ. ದಟ್ಟಣೆ ಒಂದೆರಡು ಹೊರಪೋರ್ಟುಗಳತ್ತಲೇ ವಾಲಿದಾಗ ಮಾತ್ರ ಇದು ಪೂರ್ಣ ಸಾಮರ್ಥ್ಯದ ಭರವಸೆ ಕೊಡಲಾರದು.

ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್ ಮತ್ತು ಜಾಯ್ ಕುರಿ, ಮುಂಬಯಿ ಐಐಟಿಯ ಡಿ. ಮಂಜುನಾಥ್ ಅವರೊಡನೆ ಬರೆದು 2004ರಲ್ಲಿ ಪ್ರಕಟಿಸಿದ ಸಂವಹನ ಜಾಲಗಳ ಪಠ್ಯದಲ್ಲಿ ಸ್ವಿಚ್ಚಿಂಗಿನ ಗಣಿತವೂ ಇದೆ.