ಉತ್ತರದ ಕೆಳಗೊಂದು ಸಾಲು

ವಾರಪತ್ರಿಕೆ ಮನೆಗೆ ಬಂದೊಡನೆ ನಮ್ಮಲ್ಲಿ ಅನೇಕ ಹೆಂಗಸರು ಮೊದಲು ತಿರುವುವುದು ಪ್ರಶ್ನೋತ್ತರದ ಪುಟವನ್ನು. ಧಾರಾವಾಹಿ ಆಮೇಲೆ, ಹೊಸರುಚಿ ಇನ್ನೂ ಆಮೇಲೆ. ಹೆಸರು ಬೇಡವೆಂದ ಯಾರೋ ಒಬ್ಬಳು ಅತ್ತೆಯ ಮಾತಿನ ಬಗ್ಗೆಯೋ, ಯಾರಿಗೂ ಹೇಳಲಾಗದ ನೋವಿನ ಬಗ್ಗೆಯೋ, ಮನೆ ಬಿಟ್ಟುಹೋದ ಗಂಡನ ಬಗ್ಗೆಯೋ ಕೇಳಿರುತ್ತಾಳೆ. ಉತ್ತರ ಓದಿ ನಾವು ಸುಮ್ಮನಿರುವುದಿಲ್ಲ. ‘ಹೇಳಿದ್ದೇನೋ ಸರಿ, ಆದರೆ ಅಲ್ಲಿಯವರೆಗೆ ಮಗೂನ ಯಾರು ನೋಡ್ಕೋಬೇಕು?’ ಎಂದು ಪಕ್ಕದಲ್ಲಿದ್ದವರನ್ನು ಕೇಳುತ್ತೇವೆ. ಆ ‘ಆದರೆ’ ಪತ್ರಿಕೆಯವರೆಗೆ ಹೋಗುವುದೇ ಇಲ್ಲ. ಒಗ್ಗರಣೆಯ ಹೊಗೆಯ ಜೊತೆ ಅಡುಗೆಮನೆಯ ಕಿಟಕಿಯಿಂದ ಹೊರಟುಹೋಗುತ್ತದೆ.

ಪ್ರಶ್ನೆ ಕೇಳುವವರು ಒಬ್ಬರು, ಉತ್ತರ ಹೇಳುವವರು ಇನ್ನೊಬ್ಬರು. ಇವರಿಬ್ಬರ ಮಾತು ಮುಗಿದ ಮೇಲೆ ಕೆಳಗೊಂದು ಸಾಲು ಸೇರಿಸಲು ಬಯಸುವ ಮೂರನೆಯವರು ಎಲ್ಲ ಕಾಲದಲ್ಲೂ ಇದ್ದಾರೆ. ಆ ಸಾಲಿಗೆ ಟಿಪ್ಪಣಿ ಎನ್ನೋಣ. ಅದು ಹೊಸ ಪ್ರಶ್ನೆಯಲ್ಲ, ಪೂರ್ತಿ ಉತ್ತರವೂ ಅಲ್ಲ. ಆದರೂ ಅದಕ್ಕೆ ಜಾಗ ಇದೆಯೇ ಇಲ್ಲವೇ ಎನ್ನುವುದರ ಮೇಲೆ ಉತ್ತರದ ಗತಿಯೇ ನಿಂತಿರುತ್ತದೆ ಎಂದು ಇತಿಹಾಸ ಓದುತ್ತ ಓದುತ್ತ ನನಗೆ ಅನ್ನಿಸಿದೆ.

ನಮ್ಮ ಹಿಂದಿನವರಿಗೆ ಟಿಪ್ಪಣಿಯ ಬೆಲೆ ಚೆನ್ನಾಗಿಯೇ ಗೊತ್ತಿತ್ತು. ಪಾಣಿನಿಯ ವ್ಯಾಕರಣ ಸೂತ್ರಗಳ ಮೇಲೆ ಕಾತ್ಯಾಯನ ವಾರ್ತಿಕಗಳನ್ನು ಬರೆದ. ಅವೆರಡನ್ನೂ ಮುಂದಿಟ್ಟುಕೊಂಡು ಪತಂಜಲಿ ಮಹಾಭಾಷ್ಯ ಬರೆದ. ವಾರ್ತಿಕಕ್ಕೆ ಮೂರು ಕೆಲಸವೆಂದು ಶಾಸ್ತ್ರ ಬಲ್ಲವರು ಹೇಳುತ್ತಾರೆ: ಹೇಳಿದ್ದನ್ನು ಒರೆಗೆ ಹಚ್ಚುವುದು, ಹೇಳದೆ ಬಿಟ್ಟದ್ದನ್ನು ಎತ್ತಿ ತೋರಿಸುವುದು, ತಪ್ಪಾಗಿ ಹೇಳಿದ್ದನ್ನು ತಿದ್ದುವುದು. ಟಿಪ್ಪಣಿಗೆ ಇದಕ್ಕಿಂತ ಒಳ್ಳೆಯ ಲಕ್ಷಣ ಬೇಕಿಲ್ಲ. ಪಾಣಿನಿಯಂಥವನ ಮಾತಿಗೂ ಕೆಳಗೊಂದು ಸಾಲು ಬರೆಯಬಹುದಿತ್ತು. ಆದರೆ ಅದು ಶಾಸ್ತ್ರ ಓದಿದ ಕೆಲವೇ ಮಂದಿಯ ಕೂಟ. ಮನೆಯೊಳಗಿನ ಹೆಣ್ಣುಮಗಳಿಗೆ ಅಲ್ಲಿ ಪ್ರವೇಶ ಸುಲಭವಿರಲಿಲ್ಲ.

ಸಾಮಾನ್ಯರು ಕಾಗದ ಬರೆದು ಪ್ರಶ್ನೆ ಕೇಳುವುದು, ಅದಕ್ಕೆ ಅಚ್ಚಿನಲ್ಲಿ ಉತ್ತರ ಬರುವುದು, ಈ ಪದ್ಧತಿಯ ಬೇರು ಹುಡುಕಿಕೊಂಡು ಹೋದರೆ ನಾವು ಮುನ್ನೂರು ವರ್ಷಕ್ಕೂ ಹಿಂದಿನ ಲಂಡನ್ನಿಗೆ ಹೋಗಬೇಕಾಗುತ್ತದೆ. 1691ರ ಮಾರ್ಚ್ ತಿಂಗಳಲ್ಲಿ ಜಾನ್ ಡಂಟನ್ ಎಂಬ ಪುಸ್ತಕ ವ್ಯಾಪಾರಿ ಅಲ್ಲಿ ಒಂದು ಪತ್ರಿಕೆ ಶುರುಮಾಡಿದ. ಅದರ ಹೆಸರು ಅಥೀನಿಯನ್ ಮರ್ಕ್ಯುರಿ ಎಂದು ನಿಂತಿತು. ಎರಡೂ ಬದಿ ಅಚ್ಚಾದ ಒಂದೇ ಹಾಳೆ, ಬೆಲೆ ಒಂದು ಪೆನ್ನಿ. ಲಂಡನ್ನಿನಲ್ಲಿ 1680ರಿಂದ ಒಂದು ಪೆನ್ನಿಗೆ ಊರೊಳಗೆ ಕಾಗದ ಮುಟ್ಟಿಸುವ ಅಂಚೆ ಇತ್ತು. ಓದುಗರು ಆ ಅಂಚೆಯಲ್ಲಿ ಒಂದು ಕಾಫಿ ಅಂಗಡಿಯ ವಿಳಾಸಕ್ಕೆ ಪ್ರಶ್ನೆ ಕಳುಹಿಸುತ್ತಿದ್ದರು. ಆಕಾಶದ ನಕ್ಷತ್ರದಿಂದ ಹಿಡಿದು ಪ್ರೇಮ, ಮದುವೆ, ದೆವ್ವದವರೆಗೆ ಎಲ್ಲವೂ ಬರುತ್ತಿತ್ತು. ಉತ್ತರಿಸುವವರು ದೊಡ್ಡ ವಿದ್ವಾಂಸರ ಮಂಡಳಿ ಎಂದು ಪತ್ರಿಕೆ ತೋರಿಸಿಕೊಂಡಿತ್ತು. ಒಳಗೆ ನೋಡಿದರೆ ಡಂಟನ್, ಗಣಿತ ಬಲ್ಲ ರಿಚರ್ಡ್ ಸಾಲ್ಟ್, ಪಾದ್ರಿ ಸ್ಯಾಮ್ಯುಯೆಲ್ ವೆಸ್ಲಿ ಮತ್ತು ಆಗಾಗ ಕೈಜೋಡಿಸುತ್ತಿದ್ದ ಜಾನ್ ನಾರಿಸ್, ಇಷ್ಟೇ ಜನ. ವೆಸ್ಲಿಯ ಹೆಂಡತಿ ಡಂಟನ್ನನ ಹೆಂಡತಿಯ ತಂಗಿ. ಅಂತೂ ಷಡ್ಡಕರು ಸೇರಿ ನಡೆಸಿದ ಸಂಸಾರ!

ಪ್ರಶ್ನೆ ಕಳುಹಿಸಿದವರ ಹೆಸರು ಅಚ್ಚಾಗುತ್ತಿರಲಿಲ್ಲ. ಈ ಒಂದು ನಿಯಮದಿಂದ ಬಾಗಿಲು ತೆರೆಯಿತು. ಆಗಿನ ಕಾಫಿ ಅಂಗಡಿಗಳು ಮರ್ಯಾದಸ್ಥ ಹೆಂಗಸರು ಹೋಗಿ ಕೂರುವ ಜಾಗಗಳಲ್ಲ. ಅವರು ಹೋಗದಿದ್ದರೇನು, ಕಾಗದ ಹೋಗಬಹುದಿತ್ತಲ್ಲ! ಹೆಂಗಸರೂ ಪ್ರಶ್ನೆ ಕಳುಹಿಸಬಹುದೇ ಎಂದು ಒಬ್ಬಾಕೆ ಕೇಳಿದ್ದಕ್ಕೆ ಅಗತ್ಯವಾಗಿ ಕಳುಹಿಸಿ ಎಂದು ಪತ್ರಿಕೆ ಹೇಳಿತು. ಪ್ರತಿ ತಿಂಗಳ ಮೊದಲ ಮಂಗಳವಾರವನ್ನು ಅವರ ಪ್ರಶ್ನೆಗಳಿಗೆಂದೇ ಮೀಸಲಿಟ್ಟಿತು. ಹೆಂಗಸರು ವಿದ್ಯೆ ಕಲಿಯುವುದು ತಕ್ಕುದೇ ಎಂಬ ಪ್ರಶ್ನೆಗೆ ಅವರ ಪರವಾಗಿಯೇ ಉತ್ತರ ಬಂತು. ಎಲಿಜಬೆತ್ ಸಿಂಗರ್ ಎಂಬ ಎಳೆಯ ಹುಡುಗಿ ಕಳುಹಿಸಿದ ಪದ್ಯಗಳೂ ಅದರಲ್ಲಿ ಹೆಸರಿಲ್ಲದೆ ಬಂದವು. ಮುಂದೆ ಆಕೆ ದೊಡ್ಡ ಕವಯಿತ್ರಿಯಾದಳು. 1693ರಲ್ಲಿ ಹೆಂಗಸರಿಗಾಗಿಯೇ ಲೇಡೀಸ್ ಮರ್ಕ್ಯುರಿ ಎಂಬ ಪತ್ರಿಕೆಯೂ ಹೊರಟಿತು, ಆದರೆ ನಾಲ್ಕೇ ಸಂಚಿಕೆಗೆ ನಿಂತುಹೋಯಿತು.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೋತ್ತರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಗಂಡ ಹೆಂಡತಿಯನ್ನು ಹೊಡೆಯುವುದು ನ್ಯಾಯವೇ ಎಂದು ಯಾರೋ ಅಥೀನಿಯನ್ ಮರ್ಕ್ಯುರಿಗೆ ಬರೆದರು. ಉತ್ತರದ ಜಾಣತನ ನೋಡಿ. ಹೌದು ಎಂದರೆ ಹೆಂಗಸರಿಗೆ ಬೇಸರವಾದೀತು ಎಂದು ಮೊದಲು ಬೆಣ್ಣೆ ಸವರುತ್ತಾರೆ. ಆಮೇಲೆ ಹೆಂಡತಿ ಗಂಡನ ದೇಹದ ಭಾಗ ಎನ್ನುತ್ತಾರೆ. ರೋಗ ಬಂದಾಗ ಮನುಷ್ಯ ತನ್ನ ದೇಹವನ್ನೇ ಕೊಯ್ಯಿಸಿಕೊಳ್ಳುತ್ತಾನೆ, ಸುಡಿಸಿಕೊಳ್ಳುತ್ತಾನೆ, ಹಾಗಿರುವಾಗ ಹೆಂಡತಿಯನ್ನು ದಂಡಿಸಲು ಕಾನೂನಿನ ಅಡ್ಡಿಯಿಲ್ಲ ಎನ್ನುತ್ತಾರೆ. ಕೊನೆಗೆ, ಕೊಯ್ಯುವ ಕೆಲಸ ವೈದ್ಯನಿಗೆ ಮಾತ್ರ ಗೊತ್ತಿರುವಂತೆ ಹೆಂಡತಿಯನ್ನು ತಿದ್ದುವ ಹದ ಬಲ್ಲ ಗಂಡಂದಿರು ಅಪರೂಪ ಎಂದು ನಯವಾಗಿ ಮುಗಿಸುತ್ತಾರೆ.

ಆ ಹಾಳೆಯನ್ನು ಓದಿದ ಹೆಂಗಸರಲ್ಲಿ, ಮೈಮೇಲಿನ ಬಾಸುಂಡೆ ಸೆರಗಿನಡಿ ಮುಚ್ಚಿಕೊಂಡಂತೆ ಮುಚ್ಚಿಕೊಂಡವಳು ಒಬ್ಬಳಾದರೂ ಇದ್ದಿರಲೇಬೇಕು. ‘ಸ್ವಾಮಿ, ವೈದ್ಯ ಕೊಯ್ಯುವುದು ರೋಗಿಯ ಒಪ್ಪಿಗೆಯಿಂದ. ನನ್ನ ಒಪ್ಪಿಗೆ ಯಾರು ಕೇಳಿದರು?’ ಎನ್ನುವ ಒಂದು ಸಾಲು ಸಾಕಾಗಿತ್ತು ಆ ಉಪಮೆ ಉರುಳಿಬೀಳಲು. ಆದರೆ ಉತ್ತರದ ಕೆಳಗೆ ಅವಳಿಗೆಂದು ಜಾಗವಿರಲಿಲ್ಲ. ಅವಳು ಆಕ್ಷೇಪಿಸಿ ಬರೆದರೂ ಅದನ್ನು ಅಚ್ಚು ಹಾಕುವುದೋ ಬಿಡುವುದೋ ಉತ್ತರ ಬರೆದವರ ಕೈಯಲ್ಲೇ ಇತ್ತು. ಪ್ರಶ್ನೆ ಕೇಳುವ ಸ್ವಾತಂತ್ರ್ಯ ಸಿಕ್ಕಿತು, ‘ಆದರೆ’ ಎನ್ನುವ ಸ್ವಾತಂತ್ರ್ಯ ಸಿಗಲಿಲ್ಲ.

ಟಿಪ್ಪಣಿಗೆ ಒಳಗೆ ಜಾಗವಿಲ್ಲದಿದ್ದರೆ ಅದು ಹೊರಗೆ ಬೀದಿಜಗಳವಾಗುತ್ತದೆ. 1692ರಲ್ಲಿ ಟಾಮ್ ಬ್ರೌನ್ ಎಂಬ ಹಾಸ್ಯಗಾರ ಡಂಟನ್ನಿಗೆ ಎದುರಾಗಿ ಬೇರೆ ಪತ್ರಿಕೆಯನ್ನೇ ತೆಗೆದು, ಅವನ ಉತ್ತರಗಳನ್ನು ಗೇಲಿ ಮಾಡತೊಡಗಿದ. ದುಡ್ಡಿದ್ದ ಗಂಡಸು ಇನ್ನೊಂದು ಪತ್ರಿಕೆ ತೆಗೆದ. ದುಡ್ಡಿಲ್ಲದ ಹೆಂಗಸು ಏನು ಮಾಡಬೇಕು? ಡಂಟನ್ನನ ಪತ್ರಿಕೆ 1697ರಲ್ಲಿ ನಿಂತಿತು. ಆಮೇಲೆ ಅದರ ಉತ್ತರಗಳು ದಪ್ಪ ಪುಸ್ತಕಗಳಾಗಿ ಮತ್ತೆ ಅಚ್ಚಾದವು.

ಓದುಗರೇ ಓದುಗರಿಗೆ ಉತ್ತರ ಕೊಡುವ ಏರ್ಪಾಡು ಗಟ್ಟಿಯಾಗಿ ನಿಂತದ್ದು 1849ರ ನವೆಂಬರಿನಲ್ಲಿ, ಅದೇ ಲಂಡನ್ನಿನಲ್ಲಿ. ವಿಲಿಯಂ ಥಾಮ್ಸ್ ಎಂಬಾತ ನೋಟ್ಸ್ ಅಂಡ್ ಕ್ವೆರೀಸ್ ಎಂಬ ವಾರಪತ್ರಿಕೆ ಆರಂಭಿಸಿದ. ಜನಪದ ವಿದ್ಯೆಗೆ ಇಂಗ್ಲಿಷಿನಲ್ಲಿ ಫೋಕ್‌ಲೋರ್ ಎಂಬ ಮಾತನ್ನು 1846ರಲ್ಲಿ ಕೊಟ್ಟವನೂ ಇವನೇ. ಇವನ ಪತ್ರಿಕೆಯಲ್ಲಿ ಪಂಡಿತರ ಮಂಡಳಿ ಇಲ್ಲ. ಟಿಪ್ಪಣಿ, ಪ್ರಶ್ನೆ, ಮರುನುಡಿ ಎಂದು ಮೂರು ಭಾಗ. ಮರುನುಡಿಯ ತಲೆಯ ಮೇಲೆ ಆ ಪ್ರಶ್ನೆ ಯಾವ ಸಂಪುಟದ ಯಾವ ಪುಟದಲ್ಲಿದೆ ಎಂಬ ಗುರುತು ಹಾಕುತ್ತಿದ್ದರು. ಹೀಗಾಗಿ ಎಷ್ಟು ಕಾಲದ ಮೇಲೆ ಯಾರು ತಿದ್ದಿದರೂ ಎಳೆ ಹಿಡಿದು ಹಿಂದಕ್ಕೆ ಹೋಗಬಹುದಿತ್ತು. ಬರೆದವರಲ್ಲಿ ಬಹಳ ಜನ ಬರೀ ಇನಿಷಿಯಲ್ ಹಾಕುತ್ತಿದ್ದರು. ಗಂಡೋ ಹೆಣ್ಣೋ ಎಂದು ಯಾರೂ ನೋಡುವಂತಿರಲಿಲ್ಲ, ಮಾತಿಗೆ ಆಧಾರ ಇದೆಯೇ ಎಂದಷ್ಟೇ ನೋಡಬೇಕಿತ್ತು. ಆ ಪತ್ರಿಕೆ ಇಂದಿಗೂ ಆಕ್ಸ್‌ಫರ್ಡಿನಿಂದ ಹೊರಡುತ್ತಿದೆ.

ಇಂಥ ವಾದದ ಫಲವನ್ನು ನಾವು ಕನ್ನಡಿಗರೂ ಉಂಡಿದ್ದೇವೆ. 1872ರಲ್ಲಿ ಬೊಂಬಾಯಿಯಲ್ಲಿ ಜೇಮ್ಸ್ ಬರ್ಜೆಸ್ ಆರಂಭಿಸಿದ ಇಂಡಿಯನ್ ಆಂಟಿಕ್ವೆರಿಯಲ್ಲಿ ನಮ್ಮ ನಾಡಿನ ಶಾಸನಗಳು ಅಚ್ಚಾದವು. ಗಂಗರದ್ದೆಂದು ಸಿಕ್ಕಿದ ತಾಮ್ರಪಟಗಳ ಬಗ್ಗೆ ಇಬ್ಬರು ದೊಡ್ಡವರಿಗೆ ಭಿನ್ನಾಭಿಪ್ರಾಯ ಬಂತು. ಲಿಪಿ ನೋಡಿದರೆ, ತಿಥಿವಾರ ಲೆಕ್ಕ ಹಾಕಿದರೆ ಇವು ಆಮೇಲೆ ಸೃಷ್ಟಿಸಿದ ಪಟಗಳು ಎಂದು ಫ್ಲೀಟ್ ಹೇಳಿದರು. ಬೆಂಗಳೂರಿನಲ್ಲೇ ಹುಟ್ಟಿದ ಲೂಯಿಸ್ ರೈಸ್ ಒಪ್ಪಲಿಲ್ಲ. ವರ್ಷಾನುಗಟ್ಟಲೆ ಮಾತಿಗೆ ಮಾತು ನಡೆಯಿತು. ಕೊನೆಗೆ ಯಾರು ಗೆದ್ದರು ಎನ್ನುವುದಕ್ಕಿಂತ, ಒಂದೊಂದು ಪಟವನ್ನೂ ಬೇರೆಬೇರೆಯಾಗಿ ತೂಗಿ ನೋಡಬೇಕು ಎಂಬ ಪದ್ಧತಿ ನಮಗೆ ದಕ್ಕಿತು. ನಾನು ತರಗತಿಯಲ್ಲಿ ಗಂಗರ ಪಾಠ ಮಾಡುವಾಗ ಈ ಜಗಳವನ್ನೂ ಹೇಳುತ್ತೇನೆ. ಪಠ್ಯಪುಸ್ತಕದ ವಾಕ್ಯಕ್ಕೂ ಹಿಂದೊಂದು ‘ಆದರೆ’ ಇತ್ತು ಎಂದು ಮಕ್ಕಳಿಗೆ ತಿಳಿಯಲಿ ಎಂದು.

ನಮ್ಮ ಹೈಸ್ಕೂಲಿನಲ್ಲಿ ಹುಡುಗಿಯರಿಗಾಗಿ ಒಂದು ಪ್ರಶ್ನೆ ಪೆಟ್ಟಿಗೆ ಇಟ್ಟಿದ್ದೇವೆ. ಹೆಸರಿಲ್ಲದ ಚೀಟಿಗೆ ಉತ್ತರ ಬರೆದು ಬೋರ್ಡಿಗೆ ಅಂಟಿಸುತ್ತೇನೆ, ಕೆಳಗೆ ಅರ್ಧ ಹಾಳೆ ಖಾಲಿ ಬಿಡುತ್ತೇನೆ. ಒಂದು ವರ್ಷ ಬಂದ ಚೀಟಿಯಲ್ಲಿ, ‘ಪರೀಕ್ಷೆಗೆ ಮುಂಚೆ ನನ್ನ ಮದುವೆ ಮಾಡ್ತಾರಂತೆ, ಬೇಡ ಅನ್ನಬಹುದಾ ಟೀಚರ್?’ ಎಂದಿತ್ತು. ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು 2006ರ ಕಾಯ್ದೆ ನಿಷೇಧಿಸುತ್ತದೆ, ನಾನು ನಿನ್ನ ಜೊತೆ ಇದ್ದೇನೆ ಎಂದು ಬರೆದೆ. ಮಾರನೆಯ ದಿನ ಖಾಲಿ ಜಾಗದಲ್ಲಿ ಬೇರೊಂದು ಕೈಬರಹ: ‘1098ಕ್ಕೆ ಫೋನ್ ಮಾಡು. ದುಡ್ಡು ಬೇಕಿಲ್ಲ, ಹೆಸರು ಗುಟ್ಟಾಗಿಡುತ್ತಾರೆ.’ ಅದರ ಕೆಳಗೆ ಇನ್ನೊಂದು: ‘ನಮ್ಮ ಅಕ್ಕನಿಗೂ ಹೀಗೇ ಆಗಿತ್ತು. ಊಟದ ಬಿಡುವಿನಲ್ಲಿ ಬೇವಿನಮರದ ಹತ್ತಿರ ಬಾ.’ ಕಾನೂನನ್ನು ನಾನು ಹೇಳಬಲ್ಲೆ. ಆ ಬೇವಿನಮರದ ಸಾಲನ್ನು ಅವಳೇ ಬರೆಯಬೇಕು. ಚೀಟಿ ಯಾರದ್ದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ವರ್ಷ ಹತ್ತನೆಯ ತರಗತಿಯ ಹುಡುಗಿಯರು ಎಲ್ಲರೂ ಪರೀಕ್ಷೆಗೆ ಕೂತರು.

ಕೆಳಗೆ ಬರೆಯುವವರಿಗೂ ಒಂದು ಹದ ಬೇಕು. ಟಾಮ್ ಬ್ರೌನನ ಗೇಲಿಯಿಂದ ಪ್ರಶ್ನೆ ಕೇಳಿದವರಿಗೆ ಏನೂ ಸಿಗಲಿಲ್ಲ. ಬಿಟ್ಟುಹೋದದ್ದನ್ನು ಸೇರಿಸಿ, ತಪ್ಪಿದ್ದರೆ ಆಧಾರ ಕೊಟ್ಟು ತಿದ್ದಿ, ಕೇಳಿದವಳ ಮುಖ ಕೆಡಿಸಬೇಡಿ. ಇನ್ನು ಉತ್ತರ ಹೇಳುವ ನನ್ನಂಥವರು ಮಾಡಬೇಕಾದದ್ದು ಒಂದೇ, ಹಾಳೆ ತುಂಬ ಬರೆಯದೆ ಕೆಳಗಿಷ್ಟು ಜಾಗ ಬಿಡುವುದು.